ನಮ್ಮ ರಕ್ತ, ಅವರ ರಿಜಿಸ್ಟರು

ನಮ್ಮ ಕೆಂಚನಗುಡ್ಡಕ್ಕೆ ಬರೆದುಕೊಳ್ಳುವವರು ಬರುವುದು ಹೊಸದೇನಲ್ಲ. ತುಂಗಭದ್ರೆಯ ದಂಡೆಯ ಈ ಊರಿಗೆ ಸಿರುಗುಪ್ಪದ ಕಡೆಯಿಂದ ಬೈಕಿನಲ್ಲೋ ಜೀಪಿನಲ್ಲೋ ಅವರು ಬರುತ್ತಲೇ ಇರುತ್ತಾರೆ. ಮೊದಲು ಕೈಯಲ್ಲಿ ಉದ್ದನೆಯ ಫಾರಂ ಇರುತ್ತಿತ್ತು, ಈಗ ಮೊಬೈಲು ಇರುತ್ತದೆ. ಜನಗಣತಿಯವರು, ದನಗಣತಿಯವರು, ನೀರಿನ ತೊಟ್ಟಿಯಲ್ಲಿ ಸೊಳ್ಳೆಮರಿ ಹುಡುಕುವವರು, ಮೈಮೇಲಿನ ಮಚ್ಚೆ ನೋಡುವ ಕುಷ್ಠರೋಗದವರು, ಕಫ ಕೇಳುವ ಕ್ಷಯದವರು. 2025ರ ಸೆಪ್ಟೆಂಬರಿನಲ್ಲಿ ಶುರುವಾದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆ ನಮ್ಮ ಶಾಲೆಯ ಮೇಷ್ಟ್ರುಗಳೇ ಬಂದಿದ್ದರು. ಕೋಟೆಯ ಹಾಳುಗೋಡೆಯನ್ನೂ ಹೊಳೆಯನ್ನೂ ನೋಡಲು ಬರುವವರಿಗಿಂತ ನಮ್ಮನ್ನು ಎಣಿಸಲು ಬರುವವರೇ ಹೆಚ್ಚು.

ಬಂದವರಿಗೆ ನಾವು ಕುರ್ಚಿ ಹಾಕುತ್ತೇವೆ, ನೀರು ಕೊಡುತ್ತೇವೆ, ಚಹಾ ಮಾಡುತ್ತೇವೆ. ಅವರು ಕೇಳಿದ್ದಕ್ಕೆಲ್ಲ ಹೇಳುತ್ತೇವೆ. ಮನೆಯಲ್ಲಿ ಎಷ್ಟು ಜನ, ಎಷ್ಟು ಎಕರೆ, ಗಂಡ ಕುಡಿಯುತ್ತಾನೆಯೇ, ಸಂಡಾಸು ಇದೆಯೇ. ಆಮೇಲೆ ಹೆಂಗಸರ ಕಡೆ ತಿರುಗಿ, ಎಷ್ಟು ಹೆರಿಗೆ ಆಗಿವೆ, ಎಷ್ಟು ಉಳಿದಿವೆ ಎಂದು ಕೇಳುತ್ತಾರೆ. ಆ ಪ್ರಶ್ನೆಗೆ ಉತ್ತರ ಹೇಳುವುದೆಂದರೆ ಏನೆಂದು ಕೇಳುವವರಿಗೆ ಗೊತ್ತಿದೆಯೋ ಇಲ್ಲವೋ. ಮಣ್ಣು ಮಾಡಿ ಇಪ್ಪತ್ತು ವರ್ಷವಾದ ಕೂಸನ್ನು ಆ ತಾಯಿ ಅರ್ಧ ನಿಮಿಷದಲ್ಲಿ ಮತ್ತೊಮ್ಮೆ ಕೈಗೆತ್ತಿಕೊಳ್ಳಬೇಕು, ಅಪರಿಚಿತರೆದುರು ‘ಒಂದು ಹೋಯಿತು’ ಎಂದು ಹೇಳಿ ಮತ್ತೆ ಕೆಳಗಿಡಬೇಕು. ಎದುರಿನವರು ಒಂದು ಚೌಕದಲ್ಲಿ ‘1’ ಎಂದು ಬರೆದು ಮುಂದಿನ ಪ್ರಶ್ನೆಗೆ ಹೋಗುತ್ತಾರೆ.

ಕೆಲವು ವರ್ಷಗಳ ಹಿಂದೆ ಹೀಗೆಯೇ ಒಂದು ತಂಡ ಬಂತು. ತೂಕ ನೋಡಿದರು, ತೋಳಿಗೆ ಪಟ್ಟಿ ಕಟ್ಟಿ ಬಿಪಿ ನೋಡಿದರು, ಬೆರಳಿಗೆ ಚುಚ್ಚಿ ರಕ್ತ ತೆಗೆದರು. ಸಕ್ಕರೆ ಎಷ್ಟಿದೆ, ರಕ್ತ ಎಷ್ಟಿದೆ ಎಂದು ರಿಪೋರ್ಟು ಕಳಿಸುತ್ತೇವೆ ಎಂದರು. ರಿಪೋರ್ಟು ಬರಲಿಲ್ಲ. ಮತ್ತೊಂದು ವರ್ಷ ಬೇರೊಂದು ತಂಡ ಬಂದಾಗ ನಮ್ಮ ಓಣಿಯ ಹೆಂಗಸರು ಬಾಗಿಲಲ್ಲೇ ಕೇಳಿದರು: ‘ಯಕ್ಕಾ, ಹೋದ ಸಲ ಬಂದೋರು ರಿಪೋರ್ಟು ಕೊಡ್ತೀವಂದಿದ್ರು, ಎಲ್ಲೈತೆ?’ ಬಂದವರಿಗೆ ಅದು ಗೊತ್ತಿರಲಿಲ್ಲ. ಅದು ಬೇರೆಯವರದು, ನಮ್ಮದು ಬೇರೆ ಎಂದರು. ಅವರ ಮಾತೂ ಸುಳ್ಳಲ್ಲ. ಆದರೆ ನಮ್ಮ ಕಡೆಯಿಂದ ನೋಡಿದರೆ ಎಲ್ಲರೂ ಒಬ್ಬರೇ. ಬರುವವರು, ಬರೆದುಕೊಳ್ಳುವವರು, ಹೋಗುವವರು. ಒಳಗಿಂದ ಒಬ್ಬ ದಾದಿ ಮೆಲ್ಲನೆ ಕೇಳಿದ್ದರು: ‘ಏ ಲೋಗಾಂ ಫಿರ್ ಆತೇಂ ಕ್ಯಾ?’ ಇವರು ತಿರುಗಿ ಬರುತ್ತಾರೆಯೇ? ಈ ಲೇಖನದ ಪ್ರಶ್ನೆಯೂ ಅದೇ.

ಹಾಗಾದರೆ ಬರೆದುಕೊಳ್ಳುವುದೇ ಬೇಡ, ಬಾಗಿಲು ಹಾಕಿಕೊಳ್ಳೋಣ ಎನ್ನಬೇಕೆ? ಅವಸರದಲ್ಲಿ ಹಾಗೆ ಅನ್ನಿಸುತ್ತದೆ. ಆದರೆ ನಮ್ಮದೇ ರಾಜ್ಯದ ಒಂದು ಹಳೆಯ ರಿಜಿಸ್ಟರಿನ ಕತೆ ಕೇಳಿದ ಮೇಲೆ ಹಾಗೆ ಹೇಳುವುದು ಕಷ್ಟ.

ಮೈಸೂರಿನ ಮಂಡಿ ಮೊಹಲ್ಲಾದಲ್ಲಿ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ ಇದೆ. ಜನರ ಬಾಯಲ್ಲಿ ಅದು ಮಿಷನ್ ಆಸ್ಪತ್ರೆ. 1906ರಲ್ಲಿ ಶುರುವಾದದ್ದು. ಮುಸ್ಲಿಮರ ಮನೆಗಳು ಹೆಚ್ಚಾಗಿರುವ ಮೊಹಲ್ಲಾ ಅದು. ಎಲ್ಲ ಜಾತಿ ಧರ್ಮದ ಹೆಂಗಸರು ಹೆರಿಗೆಗೆ ಅಲ್ಲಿಗೆ ಹೋಗುತ್ತಿದ್ದರು. 1934ರಿಂದ ಅಲ್ಲಿ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆಯನ್ನು ರಿಜಿಸ್ಟರಿನಲ್ಲಿ ಬರೆದಿಡುವ ಪದ್ಧತಿ ಬೆಳೆಯಿತು. ಬರೆದ ದಾದಿಯರು ಮುಂದೊಂದು ದಿನ ಇದರಿಂದ ಏನಾಗುತ್ತದೆಂದು ಎಣಿಸಿದವರಲ್ಲ. ಕೆಲಸ ಎಂದರೆ ಹೀಗೆ ಮಾಡಬೇಕು ಎಂದು ಮಾಡಿದರು. ಮುಖ್ಯವಾದದ್ದೆಂದರೆ, ಆ ಪುಸ್ತಕಗಳನ್ನು ಯಾರೂ ರದ್ದಿಗೆ ಹಾಕಲಿಲ್ಲ.

1990ರ ದಶಕದ ಹೊತ್ತಿಗೆ ಇಂಗ್ಲೆಂಡಿನ ಡೇವಿಡ್ ಬಾರ್ಕರ್ ಎಂಬ ವೈದ್ಯರು ಒಂದು ಹೊಸ ಮಾತು ಹೇಳುತ್ತಿದ್ದರು. ಮುಪ್ಪಿನಲ್ಲಿ ಬರುವ ಹೃದಯದ ರೋಗದ ಬೇರು ತಾಯಿಯ ಹೊಟ್ಟೆಯಲ್ಲೇ ಇರಬಹುದು, ಹುಟ್ಟುವಾಗ ಬಡಕಲಾಗಿದ್ದ ಮಕ್ಕಳಿಗೆ ದೊಡ್ಡವರಾದ ಮೇಲೆ ಅದರ ಅಪಾಯ ಹೆಚ್ಚು ಎಂದು. ಇಂಗ್ಲೆಂಡಿನ ಲೆಕ್ಕ ಭಾರತಕ್ಕೂ ಸರಿಹೊಂದುತ್ತದೆಯೇ? ಅದನ್ನು ನೋಡಬೇಕಾದರೆ ಅರವತ್ತು ವರ್ಷದ ಹಿಂದೆ ಹುಟ್ಟಿದವರ ತೂಕ ಬೇಕು. ನಮ್ಮ ದೇಶದಲ್ಲಿ ಅದು ಎಲ್ಲಿ ಸಿಗಬೇಕು? ಸಿಕ್ಕಿದ್ದು ಮಂಡಿ ಮೊಹಲ್ಲಾದಲ್ಲಿ. ಸಂಶೋಧಕರು ಆಸ್ಪತ್ರೆಯ ಸುತ್ತಲಿನ ಮನೆಮನೆಗೆ ಹೋಗಿ, ಅಲ್ಲಿ ಹುಟ್ಟಿದವರನ್ನು ಹುಡುಕಿ, ರಿಜಿಸ್ಟರಿನೊಂದಿಗೆ ಹೊಂದಿಸಿದರು. 1996ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಅದರ ಫಲ ಪ್ರಕಟವಾಯಿತು. 1934ರಿಂದ 1954ರ ನಡುವೆ ಹುಟ್ಟಿದ 517 ಜನರನ್ನು ಪರೀಕ್ಷಿಸಿದಾಗ, ಹುಟ್ಟುವಾಗ ಎರಡೂವರೆ ಕೆಜಿ ಅಥವಾ ಅದಕ್ಕೂ ಕಡಿಮೆ ಇದ್ದವರಲ್ಲಿ ನೂರಕ್ಕೆ 11 ಮಂದಿಗೆ ಹೃದಯದ ರೋಗ ಇತ್ತು. ಮೂರು ಕೆಜಿಗೂ ಮೇಲಿದ್ದವರಲ್ಲಿ ನೂರಕ್ಕೆ 3 ಮಂದಿಗೆ ಮಾತ್ರ. ಮಗುವೂ ಬಡಕಲು, ತಾಯಿಯೂ 45 ಕೆಜಿಗಿಂತ ಕಡಿಮೆ ಎಂಬ ಕಡೆ ಅದು ನೂರಕ್ಕೆ 20. ಸಣ್ಣ ಅಧ್ಯಯನ, ಇದೊಂದರಿಂದಲೇ ಎಲ್ಲವೂ ತೀರ್ಮಾನವಾಗುವುದಿಲ್ಲ, ನಿಜ. ಆದರೆ ತಾಯಿಯ ತಟ್ಟೆಯಲ್ಲಿ ಅನ್ನ ಕಡಿಮೆಯಾದರೆ ಅದರ ಸಾಲವನ್ನು ಐವತ್ತು ವರ್ಷದ ನಂತರ ಮಗ ತೀರಿಸಬೇಕಾಗಬಹುದು ಎಂಬುದಕ್ಕೆ ನಮ್ಮ ನೆಲದ ಸಾಕ್ಷಿ ಸಿಕ್ಕಿತು.

ಕತೆ ಅಲ್ಲಿಗೇ ನಿಲ್ಲಲಿಲ್ಲ. ಸಕ್ಕರೆ ಕಾಯಿಲೆಯ ಲೆಕ್ಕ ಹಾಕಿದಾಗ ಇನ್ನೊಂದು ಸಂಗತಿ ಕಂಡಿತು. ಹುಟ್ಟುವಾಗ ಗಿಡ್ಡಗೆ ದುಂಡಗೆ ಇದ್ದ ಮಕ್ಕಳಲ್ಲಿ ಅದು ಹೆಚ್ಚು, ಅವರ ತಾಯಂದಿರೂ ತೂಕದವರು. ಹಾಗಾದರೆ ಬಸುರಿನಲ್ಲಿ ತಾಯಿಗೇ ಸಕ್ಕರೆ ಇತ್ತೇ ಎಂಬ ಅನುಮಾನ ಬಂತು. ಹಳೆಯ ಪುಸ್ತಕದಲ್ಲಿ ಅದಕ್ಕೆ ಉತ್ತರ ಇರಲಿಲ್ಲ. ಆದ್ದರಿಂದ 1997-98ರಲ್ಲಿ ಅದೇ ಆಸ್ಪತ್ರೆಗೆ ಬಂದ ಬಸುರಿಯರನ್ನು ಒಪ್ಪಿಸಿ ಹೊಸ ಅಧ್ಯಯನ ಶುರುಮಾಡಿದರು. 830 ಹೆಂಗಸರಿಗೆ ಗ್ಲೂಕೋಸ್ ಪರೀಕ್ಷೆ ಆಯಿತು. ಅವರಿಗೆ ಹುಟ್ಟಿದ ಮಕ್ಕಳನ್ನು ವರ್ಷವರ್ಷವೂ ಅಳೆಯುತ್ತ ಬಂದರು. ಆ ಮಕ್ಕಳು ಇಂದು ಯುವಕ ಯುವತಿಯರು. ಅದೇ ತಾಯಂದಿರ ರಕ್ತದಲ್ಲಿ ನೂರಕ್ಕೆ 43 ಮಂದಿಗೆ ವಿಟಮಿನ್ ಬಿ12 ಕಡಿಮೆ ಇದ್ದದ್ದೂ ತಿಳಿಯಿತು. ಒಂದು ದಿನ ಬಂದು ಬರೆದುಕೊಂಡು ಹೋದರೆ ಇದು ತಿಳಿಯುವುದಲ್ಲ. ತಿರುಗಿ ತಿರುಗಿ ಬಂದದ್ದರಿಂದ ತಿಳಿಯಿತು. ಅದಕ್ಕಿಂತ ಮುಖ್ಯ, ತಿರುಗಿ ಬಂದಾಗಲೆಲ್ಲ ಆ ಮನೆಗಳವರು ಬಾಗಿಲು ತೆರೆದದ್ದರಿಂದ ತಿಳಿಯಿತು. ಪ್ರಬಂಧದಲ್ಲಿ ವೈದ್ಯರ ಹೆಸರು ಇರುತ್ತದೆ, ಇರಲಿ. ಆದರೆ ಬೆಳಗಿನ ಕೆಲಸ ಬಿಟ್ಟು, ಖಾಲಿ ಹೊಟ್ಟೆಯಲ್ಲಿ, ಮಗುವಿನ ಕೈಹಿಡಿದು ಆಸ್ಪತ್ರೆಗೆ ನಡೆದು ಹೋದ ಆ ತಾಯಂದಿರೂ ಆ ವಿದ್ಯೆಯ ಪಾಲುದಾರರೇ.

ನಮ್ಮ ಊರಿನತ್ತ ತಿರುಗಿ ನೋಡಿದರೆ ಎದೆ ಭಾರವಾಗುತ್ತದೆ. ನಮ್ಮ ಅಜ್ಜಿಯಂದಿರು ಹೆತ್ತದ್ದು ಮನೆಯಲ್ಲಿ, ಸೂಲಗಿತ್ತಿಯ ಕೈಯಲ್ಲಿ. ತುಂಬಿದ ಬಸುರಿನಲ್ಲೂ ಕೆಸರಿನಲ್ಲಿ ಬಗ್ಗಿ ಭತ್ತ ನಾಟಿ ಮಾಡಿದವರು ಅವರು. ಅವರನ್ನು ಯಾರೂ ತೂಗಲಿಲ್ಲ, ಅವರ ಕೂಸನ್ನೂ ತೂಗಲಿಲ್ಲ. ಹಿರಿಯರ ವಯಸ್ಸು ಕೇಳಿದರೆ ‘ಡ್ಯಾಮು ಕಟ್ಟುವಾಗ ನಡೆಯುತ್ತಿದ್ದೆ’ ಎನ್ನುತ್ತಾರೆ, ‘ಹೊಳೆ ಊರೊಳಗೆ ಬಂದ ವರ್ಷ ಹುಟ್ಟಿದ್ದು’ ಎನ್ನುತ್ತಾರೆ. ಶಾಲೆಗೆ ಸೇರಿದವರದು ಇನ್ನೊಂದು ಚೆಂದ: ಅರ್ಧ ಊರು ಜೂನ್ 1ರಂದೇ ಹುಟ್ಟಿದೆ! ಹೆಡ್ಮಾಸ್ತರರು ದಾಖಲಾತಿಗೆ ಅನುಕೂಲವೆಂದು ಕೊಟ್ಟ ಜನ್ಮದಿನ ಅದು. ಮಂಡಿ ಮೊಹಲ್ಲಾದ ತಾಯಿಗೆ ಒಂದು ಪುಟ ಇತ್ತು. ಕೆಂಚನಗುಡ್ಡದ ತಾಯಿಗೆ ಒಂದು ಸಾಲೂ ಇರಲಿಲ್ಲ. ಆದ್ದರಿಂದ ಲೆಕ್ಕವೇ ಬೇಡ ಎನ್ನುವುದು ಬಡವರಿಗೆ ಲಾಭದ ಮಾತಲ್ಲ. ಲೆಕ್ಕದಲ್ಲಿ ಇಲ್ಲದವರ ನೋವು ಯಾವ ಬಜೆಟ್ಟಿನಲ್ಲೂ ಇರುವುದಿಲ್ಲ.

ಹೊರದೇಶದಲ್ಲೂ ಇದೇ ಪಾಠ. ಅಮೆರಿಕದ ಬೋಸ್ಟನ್ ಹತ್ತಿರದ ಫ್ರೇಮಿಂಗ್‌ಹ್ಯಾಂ ಎಂಬ ಸಾಧಾರಣ ಪಟ್ಟಣದಲ್ಲಿ 1948ರಲ್ಲಿ 5,209 ಜನ ತಮ್ಮನ್ನು ಪರೀಕ್ಷೆಗೆ ಒಡ್ಡಿಕೊಂಡರು. ಬಿಪಿ, ಬೀಡಿ ಸಿಗರೇಟು, ರಕ್ತದ ಕೊಬ್ಬು ಇವು ಹೃದಯಕ್ಕೆ ಶತ್ರು ಎಂದು ಇವತ್ತು ಸಿರುಗುಪ್ಪದ ಡಾಕ್ಟರೂ ಹೇಳುತ್ತಾರಲ್ಲ, ಅದು ಗಟ್ಟಿಯಾದದ್ದು ಆ ಊರಿನವರ ದೇಹದಿಂದ. ಅಜ್ಜಂದಿರ ನಂತರ ಮಕ್ಕಳು, ಮೊಮ್ಮಕ್ಕಳು ಅದರಲ್ಲಿ ಸೇರಿದರು. ಇಂಗ್ಲೆಂಡಿನ ಬ್ರಿಸ್ಟಲ್ ಸುತ್ತ 1991-92ರಲ್ಲಿ ಬಸುರಿಯಾಗಿದ್ದ ಸುಮಾರು ಹದಿನಾಲ್ಕು ಸಾವಿರ ಹೆಂಗಸರಿಂದ ಶುರುವಾದ ಅಧ್ಯಯನದಲ್ಲಿ, ಬೆಳೆದು ದೊಡ್ಡವರಾದ ಮಕ್ಕಳೇ ಸಲಹಾ ಮಂಡಳಿಯಲ್ಲಿ ಕುಳಿತು, ಯಾವ ಪ್ರಶ್ನೆ ಕೇಳಬೇಕು, ಹೇಗೆ ಕೇಳಬೇಕು ಎಂಬ ಮಾತಿನಲ್ಲಿ ಭಾಗಿಯಾಗುತ್ತಾರೆ.

ಇದು ನಾಣ್ಯದ ಒಂದು ಮುಖ. ಇನ್ನೊಂದು ಮುಖವನ್ನು ನೋಡದೆ ಮುಂದೆ ಹೋಗುವುದು ನ್ಯಾಯವಲ್ಲ.

ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಹಂದಿಗೋಡಿನ ಹೆಸರು ಕೇಳದವರು ಕಡಿಮೆ. 1970ರ ದಶಕದ ನಡುವಿನಲ್ಲಿ ಅಲ್ಲಿನ ದಲಿತ ಕೂಲಿಕಾರರ ಮನೆಗಳಲ್ಲಿ ಸೊಂಟ, ಮೊಣಕಾಲಿನ ಕೀಲುಗಳು ಸವೆದು ಜನ ನೆಟ್ಟಗೆ ನಿಲ್ಲಲಾರದಂತಾದರು. ಕೆಲವರು ಕುಳ್ಳರಾಗಿಯೇ ಉಳಿದರು. ಕ್ರಿಮಿನಾಶಕ ಹೊಡೆದ ಗದ್ದೆಯ ಏಡಿ ತಿಂದದ್ದರಿಂದ ಹೀಗಾಯಿತೇ ಎಂದು ಮೊದಲು ಅನುಮಾನಿಸಿದರು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು ಬಂದರು, ಆಮೇಲೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯವರು ಬಂದರು. ಎಕ್ಸ್‌ರೇ ತೆಗೆದರು, ರಕ್ತ ತೆಗೆದರು, ವಂಶಾವಳಿ ಬರೆದರು. ಕೊನೆಗೆ ಇದು ವಂಶದಲ್ಲಿ ಇಳಿದುಬರುವ ಕಾಯಿಲೆ ಎಂದರು. ರೋಗಕ್ಕೆ ಊರಿನ ಹೆಸರೇ ಅಂಟಿತು. ವೈದ್ಯಕೀಯ ಪತ್ರಿಕೆಗಳಲ್ಲಿ ಹಂದಿಗೋಡು ಪ್ರಸಿದ್ಧವಾಯಿತು. ಗುಣಪಡಿಸುವ ಮದ್ದು ಮಾತ್ರ ಇಂದಿಗೂ ಇಲ್ಲ. ವಿಜ್ಞಾನಕ್ಕೆ ಎಲ್ಲ ರೋಗಕ್ಕೂ ಮದ್ದು ಕಂಡುಹಿಡಿಯುವ ಶಕ್ತಿ ಇಲ್ಲ, ಅದನ್ನು ನಾವು ಬಲ್ಲೆವು. ಆದರೆ ಮದ್ದಿಲ್ಲದ ಕಡೆ ಊರುಗೋಲಾದರೂ ಬೇಕು, ಮಾಸಾಶನ ಬೇಕು, ಇದು ನಿಮ್ಮ ಪಾಪದ ಫಲವಲ್ಲ ಎಂದು ಹೇಳುವ ಒಂದು ದನಿ ಬೇಕು. ‘ವಂಶದಲ್ಲಿ ಬರುತ್ತದೆ’ ಎಂಬ ಮಾತು ಪ್ರಯೋಗಾಲಯದಲ್ಲಿ ಒಂದು ಫಲಿತಾಂಶ. ಹೆಣ್ಣುಮಕ್ಕಳಿರುವ ಮನೆಯಲ್ಲಿ ಅದು ಮುರಿದುಬೀಳುವ ಸಂಬಂಧ.

ನಮ್ಮ ಗಡಿಯಾಚೆಯ ತೆಲುಗು ನಾಡಿನಲ್ಲಿ ನಡೆದದ್ದನ್ನೂ ಮರೆಯುವಂತಿಲ್ಲ. 2009ರಲ್ಲಿ ಅಂದಿನ ಖಮ್ಮಂ ಜಿಲ್ಲೆಯಲ್ಲಿ 10ರಿಂದ 14 ವರ್ಷದ ಸಾವಿರಾರು ಹುಡುಗಿಯರಿಗೆ ಗರ್ಭಕೊರಳಿನ ಕ್ಯಾನ್ಸರ್ ತಡೆಯುವ ಲಸಿಕೆಯನ್ನು ಅಧ್ಯಯನದ ಭಾಗವಾಗಿ ಹಾಕಲಾಯಿತು. ಅವರಲ್ಲಿ ಬಹಳ ಮಂದಿ ಬುಡಕಟ್ಟಿನವರು, ಹಾಸ್ಟೆಲಿನಲ್ಲಿ ಓದುವವರು. ಕೆಲವು ಹುಡುಗಿಯರು ತೀರಿಕೊಂಡಾಗ ಗದ್ದಲವಾಗಿ 2010ರ ಏಪ್ರಿಲಿನಲ್ಲಿ ಅದನ್ನು ನಿಲ್ಲಿಸಿದರು. ಸಾವಿಗೂ ಲಸಿಕೆಗೂ ಸಂಬಂಧ ಕಾಣಲಿಲ್ಲ ಎಂದು ತನಿಖೆ ಹೇಳಿತು; ಆ ಲಸಿಕೆ ಜಗತ್ತಿನ ಎಷ್ಟೋ ದೇಶಗಳಲ್ಲಿ ಹೆಣ್ಣುಮಕ್ಕಳ ಜೀವ ಉಳಿಸುತ್ತಿರುವುದೂ ನಿಜ. ಆದರೆ ಒಪ್ಪಿಗೆಯ ಕಾಗದ ತೆಗೆದು ನೋಡಿದರೆ ಎಷ್ಟೋ ಕಡೆ ತಂದೆತಾಯಿಯ ಸಹಿ ಇರಬೇಕಾದಲ್ಲಿ ವಾರ್ಡನ್ನರ, ಹೆಡ್ಮಾಸ್ತರರ ಸಹಿ ಇತ್ತು. 2013ರಲ್ಲಿ ಸಂಸತ್ತಿನ ಸ್ಥಾಯಿ ಸಮಿತಿ ಇದನ್ನು ಕಟುವಾಗಿ ಟೀಕಿಸಿತು. ಒಳ್ಳೆಯ ಲಸಿಕೆಯೂ ಕೆಟ್ಟ ದಾರಿಯಲ್ಲಿ ಬಂದರೆ ಜನ ಅನುಮಾನಿಸುತ್ತಾರೆ. ಆ ಅನುಮಾನದ ಬೆಲೆಯನ್ನು ಮುಂದೆ ತೆರುವವರೂ ಅದೇ ಹುಡುಗಿಯರ ತಂಗಿಯರು.

ಮೂರನೆಯದು ಕಾಸರಗೋಡಿನ ಕತೆ. ಇಲ್ಲಿ ಸಂಶೋಧನೆ ಹೊರಗಿನಿಂದ ಬರಲಿಲ್ಲ, ಊರೇ ಶುರುಮಾಡಿತು. ಎಣ್ಮಕಜೆ ಪಂಚಾಯಿತಿಯ ಪಡ್ರೆಯ ಸುತ್ತ ಕೇರಳ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರುತೋಟಗಳ ಮೇಲೆ ಇಪ್ಪತ್ತಕ್ಕೂ ಹೆಚ್ಚು ವರ್ಷ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದರು. ತೊರೆಗಳಲ್ಲಿ, ಬಾವಿಗಳಲ್ಲಿ ಅದು ಇಳಿಯಿತು. ಅಲ್ಲಿಯೇ ರೋಗಿಗಳನ್ನು ನೋಡುತ್ತಿದ್ದ ಡಾ. ವೈ.ಎಸ್. ಮೋಹನ್ ಕುಮಾರ್ ಅವರಿಗೆ, ಒಂದೇ ಆಸುಪಾಸಿನಲ್ಲಿ ಇಷ್ಟು ಮಕ್ಕಳು ಹೀಗೇಕೆ ಹುಟ್ಟುತ್ತಿದ್ದಾರೆ, ಇಷ್ಟು ಬಗೆಯ ರೋಗ ಏಕೆ ಎಂಬ ಪ್ರಶ್ನೆ ಕಾಡಿತು. ಪತ್ರಕರ್ತ ಶ್ರೀಪಡ್ರೆಯವರು ಅದನ್ನು ಲೋಕಕ್ಕೆ ತಿಳಿಸಿದರು. ಊರವರು ಮನೆಮನೆಯ ಕತೆ ಕೂಡಿಸಿದರು. ಆಮೇಲೆ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಬಂದು ಶಾಲೆಯ ಮಕ್ಕಳನ್ನು, ಸಿಂಪಡಣೆ ಇಲ್ಲದ ಬೇರೆ ಊರಿನ ಮಕ್ಕಳ ಜೊತೆ ಹೋಲಿಸಿ ನೋಡಿದರು. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ದೇಶದಾದ್ಯಂತ ಎಂಡೋಸಲ್ಫಾನನ್ನು ತಡೆಯಿತು. 2017ರಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು ಹೇಳಿತು. ಪ್ರಶ್ನೆ ಯಾರದೋ ಸಂಶೋಧನೆಯೂ ಅವರದೇ ಆದರೆ ಏನಾಗಬಲ್ಲದು ಎಂಬುದಕ್ಕೆ ಕನ್ನಡ ಮಾತಾಡುವ ಆ ಗಡಿಯ ಊರೇ ಸಾಕ್ಷಿ.

ಈಗ ನಮ್ಮ ರಾಜ್ಯದಲ್ಲಿ ಹೊಸ ಕೆಲಸಗಳೂ ನಡೆಯುತ್ತಿವೆ. ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರ 2018ರಲ್ಲಿ ಒಂದು ಅಧ್ಯಯನ ಶುರುಮಾಡಿತು. 45 ದಾಟಿದ ಹತ್ತು ಸಾವಿರ ಜನರನ್ನು ವರ್ಷಗಟ್ಟಲೆ ಹಿಂಬಾಲಿಸಿ, ಮುಪ್ಪಿನಲ್ಲಿ ಮರೆವು ಏಕೆ ಬರುತ್ತದೆ, ಯಾರಿಗೆ ಬರುತ್ತದೆ ಎಂದು ತಿಳಿಯುವ ಗುರಿ. ಓದು ಬರೆಹ ಇಲ್ಲದ ಮಾವಿನ ತೋಟದ ಅಜ್ಜನ ನೆನಪನ್ನು ಅಳೆಯಬೇಕಾದರೆ ಇಂಗ್ಲಿಷಿನ ಪ್ರಶ್ನೆಪತ್ರಿಕೆ ಕೆಲಸಕ್ಕೆ ಬರುವುದಿಲ್ಲ. ಅವನ ಮಾತಿನಲ್ಲೇ, ಅವನ ಬದುಕಿನ ವಸ್ತುಗಳಲ್ಲೇ ಕೇಳಬೇಕು. ಇಡೀ ದೇಶದ ಮಟ್ಟದಲ್ಲಿ 2017-18ರಲ್ಲಿ 70 ಸಾವಿರಕ್ಕೂ ಹೆಚ್ಚು ಜನರನ್ನು ಸೇರಿಸಿಕೊಂಡ ವೃದ್ಧಾಪ್ಯದ ದೀರ್ಘ ಅಧ್ಯಯನವೂ ಇದೆ. ನಾಳೆ ನಮ್ಮ ಸಿರುಗುಪ್ಪಕ್ಕೂ, ಕುರುಗೋಡಿಗೂ ಇಂಥವರು ಬರಬಹುದು. ಇಪ್ಪತ್ತು ವರ್ಷ ನಿಮ್ಮ ಬಾಗಿಲಿಗೆ ಬರುತ್ತೇವೆ ಎನ್ನಬಹುದು. ಆಗ ನಾವು ಏನು ಹೇಳಬೇಕು?

ಮುಸ್ಲಿಮರ ಮನೆಗಳಲ್ಲಿ ಈ ಪ್ರಶ್ನೆಗೆ ಇನ್ನೊಂದು ಗಂಟು ಬಿದ್ದಿದೆ. 2019ರ ಡಿಸೆಂಬರಿನಲ್ಲಿ ಪೌರತ್ವ ತಿದ್ದುಪಡಿ ಕಾಯ್ದೆ ಬಂದ ಮೇಲೆ ಯಾರು ಬಂದು ಹೆಸರು ಕೇಳಿದರೂ ಎದೆ ಧಸಕ್ಕೆನ್ನುವಂತಾಯಿತು. ಇದು ಯಾವ ಲಿಸ್ಟು? ನಾಳೆ ಇದು ಯಾರ ಕೈಗೆ ಹೋಗುತ್ತದೆ? ಮರುವರ್ಷವೇ ಕೊರೋನಾ ಬಂತು. ರೋಗಕ್ಕೂ ಧರ್ಮದ ಹೆಸರಿಟ್ಟು ಟಿವಿಯಲ್ಲಿ ಕೂಗಿದರು. ಆ ಹೊತ್ತಿನಲ್ಲಿ 2020ರ ಏಪ್ರಿಲಿನಲ್ಲಿ ಬೆಂಗಳೂರಿನ ಒಂದು ಬಡಾವಣೆಯಲ್ಲಿ ಸಮೀಕ್ಷೆಗೆ ಬಂದ ಆಶಾ ಕಾರ್ಯಕರ್ತೆಯ ಮೇಲೆ ಕೈಮಾಡಿದ ಘಟನೆ ನಡೆಯಿತು. ಅದು ತಪ್ಪು. ಯಾವ ಭಯವೂ ಅದನ್ನು ಸರಿ ಎನ್ನಿಸಲಾರದು. ಆಕೆಯೂ ನಮ್ಮಂತೆಯೇ ಬಡವಳು, ಪುಡಿಗಾಸಿಗೆ ಬಿಸಿಲಲ್ಲಿ ಸುತ್ತುವವಳು. ಆದರೆ ಆ ಭಯವನ್ನು ಬರೀ ಅಜ್ಞಾನ ಎಂದು ತಳ್ಳಿಹಾಕಿದರೆ ಅದು ಹೋಗುವುದಿಲ್ಲ. ಲೆಕ್ಕ ಕೇಳುವ ಸರಕಾರವೂ ಮದ್ದು ಕೊಡುವ ಸರಕಾರವೂ ಒಂದೇ ಮುಖದಲ್ಲಿ ಬಂದಾಗ, ಯಾವುದು ಯಾವುದೆಂದು ತಿಳಿಯುವುದು ಬಡವನಿಗೆ ಹೇಗೆ?

ಭಯ ನಮಗೊಬ್ಬರಿಗೇ ಮೀಸಲಲ್ಲ. 2024ರ ನವೆಂಬರಿನಲ್ಲಿ ಬಳ್ಳಾರಿಯ ಜಿಲ್ಲಾಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ತೀರಿಕೊಂಡಾಗ, ನರಕ್ಕೆ ಹಾಕಿದ ದ್ರಾವಣದ ಗುಣಮಟ್ಟದ ಮೇಲೆ ಅನುಮಾನ ಎದ್ದು ತನಿಖೆ ನಡೆಯಿತು. ಆ ದಿನಗಳಲ್ಲಿ ಈ ಭಾಗದ ಬಸುರಿಯರ ಮನೆಗಳಲ್ಲಿ ಜಾತಿ ಧರ್ಮ ನೋಡದೆ ಒಂದೇ ಭಯ ಇತ್ತು. ವಿಶ್ವಾಸ ಎಂಬುದು ಒಮ್ಮೆ ಒಡೆದರೆ, ಒಡೆದ ಊರಿನವರೇ ಅದನ್ನು ಮತ್ತೆ ಕೂಡಿಸಬೇಕು. ಹೊರಗಿನಿಂದ ಬಂದ ಪೋಸ್ಟರು ಅದನ್ನು ಕೂಡಿಸುವುದಿಲ್ಲ.

ಕೂಡಿಸುವ ದಾರಿ ನಮ್ಮಲ್ಲೇ ಇದೆ. ಈ ಸೀಮೆಯ ಊರುಗಳಲ್ಲಿ ಪೀರಲ ಹಬ್ಬವನ್ನು ಎಲ್ಲರೂ ಸೇರಿ ಮಾಡುತ್ತಾರೆ. ಚಂದಾ ಎತ್ತುತ್ತಾರೆ. ಹಬ್ಬ ಮುಗಿದ ಮೇಲೆ ಕಟ್ಟೆಯ ಮೇಲೆ ಕುಳಿತು, ಯಾರು ಎಷ್ಟು ಕೊಟ್ಟರು, ಯಾವುದಕ್ಕೆ ಎಷ್ಟು ಹೋಯಿತು, ಎಷ್ಟು ಉಳಿಯಿತು ಎಂದು ಲೆಕ್ಕ ಓದುತ್ತಾರೆ. ಹತ್ತು ರೂಪಾಯಿ ಕೊಟ್ಟವನಿಗೂ ‘ಇದೇನು?’ ಎಂದು ಕೇಳುವ ಹಕ್ಕಿದೆ. ಹತ್ತು ರೂಪಾಯಿಗೆ ಇರುವ ಈ ಮರ್ಯಾದೆ ನಮ್ಮ ರಕ್ತಕ್ಕೆ ಏಕಿಲ್ಲ? ನಾವು ಕೊಟ್ಟ ಮಾಹಿತಿಯಿಂದ ಏನು ತಿಳಿಯಿತು, ಏನು ತಿಳಿಯಲಿಲ್ಲ, ಮುಂದೇನು ಎಂದು ವರ್ಷಕ್ಕೊಮ್ಮೆ ಅದೇ ಕಟ್ಟೆಯ ಮೇಲೆ ಕುಳಿತು ಹೇಳುವುದು ದೊಡ್ಡ ಖರ್ಚಿನ ಮಾತಲ್ಲ.

ನಮ್ಮಲ್ಲಿ ಅಮಾನತ್ ಎಂಬ ಮಾತಿದೆ. ಒಬ್ಬರು ನಂಬಿ ಇಟ್ಟ ವಸ್ತು ಇಟ್ಟುಕೊಂಡವನ ಸ್ವತ್ತಾಗುವುದಿಲ್ಲ. ಅದನ್ನು ಕಾಯಬೇಕು, ಕೇಳಿದಾಗ ಲೆಕ್ಕ ಒಪ್ಪಿಸಬೇಕು, ಹೇಳದೆ ಬೇರೆಯವರಿಗೆ ಕೊಡಬಾರದು. ಮಾಹಿತಿಯೂ ಅಮಾನತ್ತೇ. ಹಾಗೆಯೇ ಸದಕಾ ಜಾರಿಯಾ ಎಂಬ ಮಾತೂ ಇದೆ. ಬಾವಿ ತೋಡಿಸಿದವನು ಸತ್ತ ಮೇಲೂ ಜನ ಆ ನೀರು ಕುಡಿಯುತ್ತಾರೆ, ಪುಣ್ಯ ಹರಿಯುತ್ತಲೇ ಇರುತ್ತದೆ. ಮೈಸೂರಿನ ಆ ತಾಯಂದಿರು ಕೊಟ್ಟದ್ದು ಅಂಥ ಬಾವಿಯ ನೀರು. ಅಮಾನತ್ತಿನ ಭರವಸೆ ಸಿಕ್ಕರೆ ಸದಕಾ ಕೊಡಲು ನಮ್ಮ ಜನ ಹಿಂದೆಗೆಯುವವರಲ್ಲ.

ಆದ್ದರಿಂದ ಬರುವವರಿಗೆ ನಮ್ಮ ಕೆಲವು ಮಾತುಗಳಿವೆ. ಮೊದಲನೆಯದು, ಒಪ್ಪಿಗೆ ಯಾರದೋ ಅವರಿಂದಲೇ ಪಡೆಯಿರಿ. ಹೆಂಡತಿಯ ರಕ್ತಕ್ಕೆ ಗಂಡನ ಹೆಬ್ಬೆಟ್ಟು, ಓಣಿಯ ಹೆಣ್ಣುಮಕ್ಕಳಿಗೆ ಮುತವಲ್ಲಿಯ ಸಹಿ ಸಾಲದು. ಜಮಾತಿನವರ, ಪಂಚಾಯಿತಿಯವರ ಒಪ್ಪಿಗೆ ಊರಿನೊಳಗೆ ಬರಲು ಬೇಕು, ಮನೆಯೊಳಗಿನ ಒಪ್ಪಿಗೆ ಬೇರೆ. ಓದಲು ಬಾರದವರಿಗೆ ಓದಿ ಹೇಳುವಾಗ ಪಕ್ಷಪಾತವಿಲ್ಲದ ಸಾಕ್ಷಿ ಇರಬೇಕೆಂದು ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯೇ ಹೇಳುತ್ತದೆ. ನೈತಿಕ ಸಮಿತಿಯಲ್ಲಿ ಸಾಮಾನ್ಯ ಜನರ ಪ್ರತಿನಿಧಿ ಇರಬೇಕೆಂದೂ ಹೇಳುತ್ತದೆ. ಆ ಪ್ರತಿನಿಧಿ ನಗರದ ನಿವೃತ್ತ ಅಧಿಕಾರಿಯೇ ಆಗಬೇಕೆಂದು ಎಲ್ಲೂ ಬರೆದಿಲ್ಲ. ನಾಟಿ ಮಾಡುವ ಹೆಂಗಸೂ ಆಗಬಹುದು.

ಎರಡನೆಯದು ಭಾಷೆ. ಸಿರುಗುಪ್ಪದ ಸೀಮೆಯಲ್ಲಿ ಒಂದೇ ಓಣಿಯಲ್ಲಿ ಕನ್ನಡ, ತೆಲುಗು, ದಖನಿ ಉರ್ದು ಮೂರೂ ಇವೆ. ಕನ್ನಡದ ಫಾರಮ್ಮಿಗೆ ‘ಹೂಂ’ ಎಂದ ದಾದಿ ಏನು ತಿಳಿದುಕೊಂಡು ಹೂಂ ಎಂದರು ಎಂದು ವಿಚಾರಿಸಿ. ಮೂರನೆಯದು ಹೊತ್ತು. ನಾಟಿಯ ವಾರದಲ್ಲಿ ಬಂದರೆ ಒಂದು ದಿನದ ಕೂಲಿ ಹೋಗುತ್ತದೆ, ಅದನ್ನು ತುಂಬಿಕೊಡಿ. ರಂಜಾನಿನಲ್ಲಿ ಗ್ಲೂಕೋಸ್ ಕುಡಿಸುವ ಪರೀಕ್ಷೆ ಇಟ್ಟುಕೊಂಡು, ಮುಸ್ಲಿಮರು ಸಹಕರಿಸಲಿಲ್ಲ ಎಂದು ಬರೆಯಬೇಡಿ. ನಾಲ್ಕನೆಯದು, ರಿಪೋರ್ಟು. ಯಾರಿಗೆ ಸಕ್ಕರೆ ಇದೆ, ಯಾರಿಗೆ ರಕ್ತ ಕಡಿಮೆ ಎಂದು ನಿಮಗೆ ತಿಳಿದ ಮೇಲೆ ಅವರಿಗೂ ತಿಳಿಯಬೇಕು, ಚಿಕಿತ್ಸೆಯ ದಾರಿಯೂ ತೋರಬೇಕು. ಐದನೆಯದು, ನಡುವೆ ಬೇಡ ಅನ್ನಿಸಿದರೆ ಬಿಡುವ ಸ್ವಾತಂತ್ರ್ಯ. ಬಿಟ್ಟವರ ಮೇಲೆ ರೇಶನ್ನು, ಪಿಂಚಣಿಯ ಮಾತೆತ್ತಿ ಹೆದರಿಸಬಾರದು.

ಆರನೆಯದೇ ಎಲ್ಲಕ್ಕಿಂತ ದೊಡ್ಡದು: ಪ್ರಶ್ನೆಗಳಲ್ಲಿ ನಮಗೂ ಪಾಲು ಬೇಕು. ದೂರದ ಊರಿನಲ್ಲಿ ಕುಳಿತವರಿಗೆ ಕಾಣದ ಪ್ರಶ್ನೆಗಳು ನಮ್ಮಲ್ಲಿವೆ. ಭತ್ತದ ಗದ್ದೆಗೆ ಔಷಧಿ ಹೊಡೆಯುವ ಹುಡುಗರು ಬಾಯಿಗೆ ಟವೆಲು ಕಟ್ಟಿಕೊಂಡು ಹೊಡೆಯುತ್ತಾರೆ. ಇಪ್ಪತ್ತು ವರ್ಷ ಹೊಡೆದವರ ನರ, ಪುಪ್ಪುಸ ಏನಾಗಿವೆ? ಬಳ್ಳಾರಿ ಸೀಮೆಯ ಎಷ್ಟೋ ಬೋರುಗಳ ನೀರಿನಲ್ಲಿ ಫ್ಲೋರೈಡ್ ಇದೆ. ಹಲ್ಲು ಕಂದಾದದ್ದು ಕಣ್ಣಿಗೆ ಕಾಣುತ್ತದೆ, ಮೂಳೆಯಲ್ಲಿ ಏನಾಗುತ್ತಿದೆ? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ. ಹೊಲದಲ್ಲಿ ದುಡಿದು, ಎಲ್ಲರಿಗೂ ಬಡಿಸಿ, ಕೊನೆಗೆ ಉಣ್ಣುವವಳ ಮಗಳು ಮುಂದೆ ಎಂಥ ಕೂಸನ್ನು ಹೆರುತ್ತಾಳೆ? ಇವು ನಮ್ಮ ಪ್ರಶ್ನೆಗಳು. ಇವಕ್ಕೆ ಒಂದು ದಿನದ ಸಮೀಕ್ಷೆ ಉತ್ತರ ಕೊಡಲಾರದು. ಇಪ್ಪತ್ತು ವರ್ಷ ಬೇಕು.

ಇಪ್ಪತ್ತು ವರ್ಷ ಎಂದರೆ ನಮ್ಮ ರೈತರು ಬೆಚ್ಚುವುದಿಲ್ಲ. ಈ ಸೀಮೆಯಲ್ಲಿ ವಿಜಯನಗರ ಕಾಲದ ಕಾಲುವೆಗಳಲ್ಲಿ ಇನ್ನೂ ನೀರು ಹರಿಯುತ್ತದೆ. ಕಟ್ಟಿಸಿದ ಅರಸರು ಹೋಗಿ ಶತಮಾನಗಳಾದವು. ಕಾಲುವೆ ಉಳಿದದ್ದು ವರ್ಷವರ್ಷವೂ ಹೂಳು ತೆಗೆದ ಕೈಗಳಿಂದ, ರಾತ್ರಿ ಲಾಟೀನು ಹಿಡಿದು ತೂಬು ಕಾದ ನೀರುಗಂಟಿಗಳಿಂದ. ದೀರ್ಘ ಅಧ್ಯಯನಕ್ಕೂ ಅಂಥ ನೀರುಗಂಟಿ ಬೇಕು. ದೊಡ್ಡ ವಿಜ್ಞಾನಿ ವರ್ಗವಾಗಿ ಹೋಗುತ್ತಾರೆ, ಯೋಜನೆಯ ಹಣ ಮುಗಿಯುತ್ತದೆ. ಊರಿನಲ್ಲೇ ಇದ್ದು, ಯಾರು ಮದುವೆಯಾಗಿ ಆದೋನಿಗೆ ಹೋದಳು, ಯಾರು ಗುಳೆ ಹೋದರು, ಯಾರ ಮನೆಯಲ್ಲಿ ಸಾವಾಗಿದೆ, ಇವತ್ತು ಹೋಗಬಾರದು ಎಂದು ತಿಳಿದಿರುವವಳು ಆಶಾ ಕಾರ್ಯಕರ್ತೆ, ಅಂಗನವಾಡಿಯ ಅಕ್ಕ. ಅವರನ್ನು ಬರಿ ದಾರಿ ತೋರಿಸುವವರೆಂದು ಬಳಸದೆ, ಈ ಕೆಲಸದ ಒಡತಿಯರೆಂದು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಅದಕ್ಕೆ ತಕ್ಕ ಸಂಬಳವನ್ನೂ ಕೊಡಬೇಕು.

ನಮ್ಮ ಕಡೆಯಿಂದಲೂ ಕೆಲಸ ಇದೆ. ಮಗು ಹುಟ್ಟಿದಾಗ ಕೊಡುವ ತಾಯಿ ಕಾರ್ಡನ್ನು ಲಸಿಕೆ ಮುಗಿದ ಮೇಲೆ ಎಷ್ಟು ಮನೆಗಳಲ್ಲಿ ಜೋಪಾನ ಮಾಡುತ್ತಾರೆ? ಅದರಲ್ಲಿ ತಾಯಿಯ ತೂಕ ಇದೆ, ರಕ್ತದ ಪ್ರಮಾಣ ಇದೆ, ಮಗು ಹುಟ್ಟಿದ ತೂಕ ಇದೆ. ಮಿಷನ್ ಆಸ್ಪತ್ರೆಯ ರಿಜಿಸ್ಟರಿನಲ್ಲಿ ಇದ್ದದ್ದೂ ಅದೇ. ಅದನ್ನು ಹೊಲದ ಪಹಣಿಯ ಜೊತೆ, ನಿಕಾಹ್‌ನಾಮೆಯ ಜೊತೆ ಟ್ರಂಕಿನಲ್ಲಿಡಿ. ಜುಮಾ ನಮಾಜಿನ ನಂತರ ಐದು ನಿಮಿಷ, ಗ್ರಾಮಸಭೆಯಲ್ಲಿ ಹತ್ತು ನಿಮಿಷ ಇದರ ಬಗ್ಗೆ ಮಾತಾಡೋಣ. ಸ್ತ್ರೀಶಕ್ತಿ ಸಂಘದ ಹೆಂಗಸರು ಸಾಲದ ಪುಸ್ತಕ ಬರೆಯುವಷ್ಟೇ ಚೊಕ್ಕವಾಗಿ ಓಣಿಯ ಹುಟ್ಟು, ಸಾವು, ಕಾಯಿಲೆಯ ಪುಸ್ತಕ ಬರೆಯಬಲ್ಲರು. ಹಾಗೆ ನಾವೇ ಬರೆದ ಪುಸ್ತಕ ಕೈಯಲ್ಲಿದ್ದರೆ, ಮುಂದಿನ ಸಲ ಬರುವವರೊಡನೆ ನಾವು ಬೇಡುವವರಂತೆ ಅಲ್ಲ, ಪಾಲುದಾರರಂತೆ ಮಾತಾಡಬಹುದು: ‘ಬನ್ನಿ, ನಮ್ಮ ಪುಸ್ತಕ ಇಲ್ಲಿದೆ, ನಿಮ್ಮ ಪುಸ್ತಕವನ್ನೂ ತೋರಿಸಿ.’